ಹಸಿವನ್ನು ಮರೆಯದ ಆಟಗಾರ

ಒಂಬತ್ತನೇ ತರಗತಿಯಲ್ಲಿ ಬಲ ಮತ್ತು ಚಲನೆಯ ಪಾಠ ನಡೆಯುತ್ತಿತ್ತು. ಫುಟ್‌ಬಾಲ್ ಉದಾಹರಣೆ ಕೊಟ್ಟರೆ ಹಿಂದಿನ ಬೆಂಚಿನವರೂ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾರೆಂಬುದು ಮೂವತ್ತು ವರ್ಷಗಳ ಅನುಭವದಲ್ಲಿ ನಾನು ಕಂಡುಕೊಂಡ ಸತ್ಯ. ಒದ್ದ ಚೆಂಡು ಗಾಳಿಯಲ್ಲಿ ದಾರಿ ಬದಲಿಸುವುದೇಕೆ ಎಂದು ಹೇಳುತ್ತಾ ಇಂಗ್ಲೆಂಡಿನ ಆಟಗಾರ ಮಾರ್ಕಸ್ ರಾಶ್‌ಫೋರ್ಡ್ ಹೆಸರೆತ್ತಿದೆ. ಕೂಡಲೇ ಒಬ್ಬ ಹುಡುಗ ಎದ್ದು ನಿಂತ. "ಸಾರ್, ಅವನು ಫ್ಲಾಪ್ ಆಗಿ ಹೋದ ಅಲ್ವಾ? ಅವನ ಉದಾಹರಣೆ ಯಾಕೆ ಸಾರ್?" ಎಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಅಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಹುಡುಗರು ತಟ್ಟೆ ಹಿಡಿದು ಓಡಿದರು.

ಆ ಹುಡುಗನ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರಿಸಲು ಸಾಧ್ಯವಿರಲಿಲ್ಲ. ಅವನಿಗೂ, ಅವನ ಹಾಗೆ ಯೋಚಿಸುವ ಉಳಿದ ಮಕ್ಕಳಿಗೂ, ಅವರ ತಂದೆ ತಾಯಿಯರಿಗೂ ಈ ಲೇಖನವೇ ನನ್ನ ಉತ್ತರ.

ಐದು ಮಕ್ಕಳ ತಾಯಿ

ಮಾರ್ಕಸ್ ರಾಶ್‌ಫೋರ್ಡ್ ಹುಟ್ಟಿದ್ದು 1997ರ ಅಕ್ಟೋಬರ್ 31ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ. ಬೆಳೆದದ್ದು ಅದೇ ನಗರದ ವಿದೆನ್‌ಶಾ ಎಂಬ ದುಡಿಯುವ ಜನರ ಬಡಾವಣೆಯಲ್ಲಿ. ಐದು ಮಕ್ಕಳನ್ನು ಒಬ್ಬಂಟಿಯಾಗಿ ಸಾಕಿದ ತಾಯಿ, ಒಂದು ಕೆಲಸದ ಸಂಬಳ ಸಾಲದೆ ಹಲವು ಕಡೆ ದುಡಿಯುತ್ತಿದ್ದರು. ಮನೆಯಲ್ಲಿ ಇದ್ದಷ್ಟನ್ನು ಮಕ್ಕಳಿಗೆ ಬಡಿಸಿ, ಎಷ್ಟೋ ರಾತ್ರಿ ತಾವು ಹಾಗೆಯೇ ಮಲಗುತ್ತಿದ್ದರಂತೆ. ಇದನ್ನು ಮಗನೇ ಮುಂದೆ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಇಂಗ್ಲೆಂಡಿನಂಥ ಸಿರಿವಂತ ದೇಶದಲ್ಲೂ ಹಸಿವೆಯೇ ಎಂದು ನಮ್ಮ ಓದುಗರಿಗೆ ಆಶ್ಚರ್ಯವಾಗಬಹುದು. ದೇಶ ಸಿರಿವಂತವಾದ ಮಾತ್ರಕ್ಕೆ ಅಲ್ಲಿನ ಎಲ್ಲ ಮನೆಗಳೂ ಸಿರಿವಂತವಾಗುವುದಿಲ್ಲ. ಬಾಲಕ ಮಾರ್ಕಸ್‌ನ ದಿನಚರಿಯಲ್ಲಿ ಶಾಲೆಯ ಬೆಳಗಿನ ಉಪಾಹಾರ, ಶಾಲೆಯ ಉಚಿತ ಮಧ್ಯಾಹ್ನದ ಊಟ, ಅಕ್ಕಪಕ್ಕದವರ ಹಾಗೂ ತರಬೇತುದಾರರ ಸಹಾಯ ಇವೆಲ್ಲ ಸೇರಿದ್ದವು.

ಐದನೇ ವಯಸ್ಸಿನಲ್ಲಿ ಆತ ಫ್ಲೆಚರ್ ಮಾಸ್ ರೇಂಜರ್ಸ್ ಎಂಬ ಸ್ಥಳೀಯ ತಂಡ ಸೇರಿದ. ಮೊದಮೊದಲು ಆಡುತ್ತಿದ್ದದ್ದು ಗೋಲ್‌ಕೀಪರ್ ಆಗಿ! ಏಳನೇ ವಯಸ್ಸಿಗೆ ಪ್ರಸಿದ್ಧ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನ ತರಬೇತಿ ಶಾಲೆಗೆ ಆಯ್ಕೆಯಾದ. ಹನ್ನೊಂದನೇ ವಯಸ್ಸಿಗೇ ಕ್ಲಬ್‌ನ ವಸತಿ ವ್ಯವಸ್ಥೆಗೆ ಸೇರಿಸಿಕೊಳ್ಳಲಾಯಿತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಮಗನನ್ನು ಮನೆಯಿಂದ ಕಳುಹಿಸಲು ಯಾವ ತಾಯಿಗೆ ತಾನೇ ಮನಸ್ಸು ಬರುತ್ತದೆ? ಆದರೆ ಅಲ್ಲಿ ಹೊತ್ತು ಹೊತ್ತಿಗೆ ಊಟ ಸಿಗುತ್ತದೆ, ಓದು ಮತ್ತು ಆಟ ಎರಡೂ ಸಾಗುತ್ತವೆ ಎಂದು ಆ ತಾಯಿ ತಾವೇ ಒತ್ತಾಯಿಸಿ ಸೇರಿಸಿದರು.

ಮೂರು ದಿನಗಳಲ್ಲಿ ನಾಲ್ಕು ಗೋಲು

ಅದು 2016ರ ಫೆಬ್ರವರಿ 25. ಯುರೋಪಾ ಲೀಗ್ ಪಂದ್ಯದಲ್ಲಿ ಡೆನ್ಮಾರ್ಕಿನ ಮಿಡ್ಟ್‌ಜಿಲಾಂಡ್ ತಂಡದ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್ ಆಡಬೇಕಿತ್ತು. ಪಂದ್ಯಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳುವ ಅಭ್ಯಾಸದಲ್ಲೇ ಪ್ರಮುಖ ಆಟಗಾರ ಆಂಟನಿ ಮಾರ್ಷಿಯಾಲ್ ಗಾಯಗೊಂಡರು. ಕೊನೆಯ ಗಳಿಗೆಯಲ್ಲಿ ಅವರ ಜಾಗಕ್ಕೆ ಹದಿನೆಂಟರ ಹುಡುಗ ರಾಶ್‌ಫೋರ್ಡ್‌ಗೆ ಕರೆ ಬಂತು. ಹುಡುಗ ಎರಡು ಗೋಲು ಹೊಡೆದ. ಮೂರು ದಿನಗಳ ನಂತರ ಬಲಾಢ್ಯ ಆರ್ಸೆನಲ್ ತಂಡದ ಎದುರು ಮತ್ತೆ ಎರಡು ಗೋಲು! ಅದೇ ವರ್ಷದ ಮೇ ತಿಂಗಳಲ್ಲಿ ಇಂಗ್ಲೆಂಡ್ ತಂಡದ ಪರವಾಗಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಪಂದ್ಯವಾಡಿ, ಮೂರನೇ ನಿಮಿಷದಲ್ಲೇ ಗೋಲು ಗಳಿಸಿದ.

ಇದನ್ನು ಅದೃಷ್ಟ ಎನ್ನುವವರಿದ್ದಾರೆ. ಬಾಗಿಲು ತೆರೆದದ್ದು ಅದೃಷ್ಟ ಇರಬಹುದು. ಆದರೆ ಆ ಬಾಗಿಲ ಮುಂದೆ ಹುಡುಗ ಹನ್ನೊಂದು ವರ್ಷದಿಂದ ಬೆವರು ಸುರಿಸುತ್ತಾ ನಿಂತಿದ್ದ ಎಂಬುದನ್ನು ಮರೆಯಬಾರದು.

ಮುಂದೆ ಅದೇ ಕ್ಲಬ್‌ಗೆ 426 ಪಂದ್ಯಗಳಲ್ಲಿ 138 ಗೋಲುಗಳನ್ನು ಅವರು ಗಳಿಸಿಕೊಟ್ಟರು. 2022-23ರ ಒಂದೇ ಋತುವಿನಲ್ಲಿ ಹೊಡೆದ ಗೋಲುಗಳು 30. 2022ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಪರ ಮೂರು ಗೋಲುಗಳು ಅವರ ಹೆಸರಿನಲ್ಲಿವೆ.

ತಿರುಗದ ಚೆಂಡಿನ ಗುಟ್ಟು

ಇಲ್ಲಿ ಸ್ವಲ್ಪ ವಿಜ್ಞಾನ. 2019ರ ಅಕ್ಟೋಬರ್ 30ರಂದು ಚೆಲ್ಸಿ ತಂಡದ ವಿರುದ್ಧ ಬಹು ದೂರದಿಂದ ಒದ್ದ ಫ್ರೀ ಕಿಕ್‌ನಲ್ಲಿ ರಾಶ್‌ಫೋರ್ಡ್ ಗಳಿಸಿದ ಗೋಲು ಭೌತಶಾಸ್ತ್ರದ ಪಾಠದಂತಿದೆ. ಸಾಮಾನ್ಯವಾಗಿ ಚೆಂಡಿನ ಪಕ್ಕಕ್ಕೆ ಒದ್ದರೆ ಅದು ಬುಗುರಿಯಂತೆ ತಿರುಗುತ್ತಾ ಹೋಗುತ್ತದೆ. ತಿರುಗುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ! ಚೆಂಡು ಬಾಳೆಹಣ್ಣಿನ ಆಕಾರದಲ್ಲಿ ಬಾಗಿ ಸಾಗುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು.

ರಾಶ್‌ಫೋರ್ಡ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಚೆಂಡಿನ ನಟ್ಟನಡುವೆ ಬಲವಾಗಿ ಒದ್ದು, ಕಾಲನ್ನು ತಟ್ಟನೆ ತಡೆದರೆ ಚೆಂಡು ಹೆಚ್ಚುಕಡಿಮೆ ತಿರುಗದೆಯೇ ಹಾರುತ್ತದೆ. ಆಗ ಅದರ ಹಿಂದೆ ಏಳುವ ಗಾಳಿಯ ಸುಳಿಗಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತವೆ. ಚೆಂಡಿನ ಮೇಲಿನ ಹೊಲಿಗೆಗಳೂ ಈ ತುಯ್ದಾಟಕ್ಕೆ ಕಾರಣವಾಗುತ್ತವೆ. ಚೆಂಡು ಎತ್ತ ವಾಲೀತೆಂದು ಒದ್ದವನಿಗೇ ಖಚಿತವಿರುವುದಿಲ್ಲ ಎಂದಮೇಲೆ ಪಾಪ, ಗೋಲ್‌ಕೀಪರ್‌ಗೆ ಹೇಗೆ ತಿಳಿಯಬೇಕು! ಮಕ್ಕಳೇ, ಸಂಜೆ ಮೈದಾನದಲ್ಲಿ ಎರಡೂ ಬಗೆಯಲ್ಲಿ ಒದ್ದು ನೋಡಿ. ಕಿಟಕಿ ಗಾಜು ದೂರವಿರಲಿ.

ಶಾಲೆ ಮುಚ್ಚಿತು, ತಟ್ಟೆ ಬರಿದಾಯಿತು

2020ರ ಜನವರಿಯಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ರಾಶ್‌ಫೋರ್ಡ್ ಮೈದಾನದಿಂದ ದೂರ ಉಳಿದರು. ಚೇತರಿಸಿಕೊಳ್ಳುತ್ತಿರುವಾಗಲೇ ಕೊರೊನಾ ಬಂತು. ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ನಮ್ಮಲ್ಲಿ ಬಹಳ ಜನ ಆಗ ಯೋಚಿಸಿದ್ದು ಪಾಠ, ಪರೀಕ್ಷೆಗಳ ಬಗ್ಗೆ. ರಾಶ್‌ಫೋರ್ಡ್ ಯೋಚಿಸಿದ್ದು ಊಟದ ಬಗ್ಗೆ. ಶಾಲೆ ಇಲ್ಲವೆಂದರೆ ಶಾಲೆಯ ಊಟವೂ ಇಲ್ಲ ಎಂಬ ಲೆಕ್ಕ ಅವರಿಗೆ ಪುಸ್ತಕದಿಂದ ಕಲಿಯಬೇಕಾದದ್ದಾಗಿರಲಿಲ್ಲ.

ಬ್ರಿಟನ್ನಿನಲ್ಲಿ ಶಾಲಾ ಊಟಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಸ್ಥಳೀಯ ಆಡಳಿತಗಳು ಮಕ್ಕಳಿಗೆ ಊಟ ನೀಡಲು ಅವಕಾಶ ಕೊಟ್ಟ ಕಾನೂನು 1906ರಷ್ಟು ಹಿಂದಿನದು. ಇಂಗ್ಲೆಂಡಿನಲ್ಲಿ ಶಾಲೆಯ ಮೊದಲ ಮೂರು ವರ್ಷಗಳ ಮಕ್ಕಳಿಗೆಲ್ಲ ಊಟ ಉಚಿತ. ಅದಕ್ಕಿಂತ ದೊಡ್ಡವರಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಮಾತ್ರ.

ಉಳಿಕೆ ಆಹಾರವನ್ನು ಸಂಗ್ರಹಿಸಿ ಹಂಚುವ ಫೇರ್‌ಶೇರ್ ಎಂಬ ಸೇವಾಸಂಸ್ಥೆಯೊಂದಿಗೆ ಅವರು ಕೈಜೋಡಿಸಿದರು. ಮೊದಲ ಯೋಚನೆ ಮ್ಯಾಂಚೆಸ್ಟರ್ ಸುತ್ತಮುತ್ತಲಿನ ಮಕ್ಕಳಿಗೆ ನೆರವಾಗುವುದಷ್ಟೇ ಆಗಿತ್ತು. ಆದರೆ ನೆರವು ಹರಿದು ಬಂದು ಹಣ ಮತ್ತು ಆಹಾರ ಸೇರಿ ಎರಡು ಕೋಟಿ ಪೌಂಡ್ ಮೌಲ್ಯದಷ್ಟಾಯಿತು. ಆ ಸಂಸ್ಥೆಯ ಮ್ಯಾಂಚೆಸ್ಟರ್ ಉಗ್ರಾಣವೊಂದಕ್ಕೆ ಮುಂದೆ ಯಾರ ಹೆಸರಿಟ್ಟರು ಗೊತ್ತೇ? ಆಟಗಾರನದಲ್ಲ, ಆತನ ತಾಯಿಯದು!

ಒಂದು ಪತ್ರ, ಒಂದು ಮತದಾನ

ಬೇಸಿಗೆ ರಜೆಯಲ್ಲಿ ಊಟದ ಕೂಪನ್ ಕೊಡುವುದಿಲ್ಲ ಎಂದು ಸರ್ಕಾರ ಹೇಳಿತ್ತು. 2020ರ ಜೂನ್ 15ರಂದು ರಾಶ್‌ಫೋರ್ಡ್ ಸಂಸತ್ ಸದಸ್ಯರೆಲ್ಲರಿಗೆ ಬಹಿರಂಗ ಪತ್ರ ಬರೆದರು. ತಮ್ಮ ಮನೆಯ ಬಡತನವನ್ನು ಮುಚ್ಚಿಡದೆ, ತಾಯಿಯ ಕಷ್ಟವನ್ನು ಹೇಳಿಕೊಂಡು, ಇದು ಪಕ್ಷ ರಾಜಕೀಯದ ವಿಷಯವಲ್ಲ, ಮಾನವೀಯತೆಯ ವಿಷಯ ಎಂಬ ಅರ್ಥದಲ್ಲಿ ಬೇಡಿಕೊಂಡರು. ಮರುದಿನವೇ ಸರ್ಕಾರ ನಿರ್ಧಾರ ಬದಲಿಸಿತು! ಸುಮಾರು 13 ಲಕ್ಷ ಮಕ್ಕಳಿಗಾಗಿ 12 ಕೋಟಿ ಪೌಂಡ್ ಮೀಸಲಿಟ್ಟಿತು. ಪ್ರಧಾನಿ ಬೋರಿಸ್ ಜಾನ್ಸನ್ 22 ವರ್ಷದ ಆಟಗಾರನಿಗೆ ತಾವೇ ದೂರವಾಣಿ ಕರೆ ಮಾಡಿ ಮಾತನಾಡಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಸಿನಿಮಾದಂತಿರುತ್ತಿತ್ತು. ಆದರೆ ಮುಂದಿನ ರಜೆಗಳಿಗೂ ಈ ನೆರವು ಮುಂದುವರಿಯಬೇಕೆಂಬ ಬೇಡಿಕೆ ಅಕ್ಟೋಬರ್ 21ರಂದು ಸಂಸತ್ತಿನಲ್ಲಿ 322–261 ಮತಗಳಿಂದ ಬಿದ್ದುಹೋಯಿತು. ರಾಶ್‌ಫೋರ್ಡ್ ಕೂಗಾಡಲಿಲ್ಲ, ಬೈಯಲಿಲ್ಲ. ಸೋತವರ ಕಡೆಯ ಸಿಟ್ಟಿಗೂ ತುಪ್ಪ ಸುರಿಯಲಿಲ್ಲ. ಊರೂರಿನ ಹೋಟೆಲು, ಅಂಗಡಿ, ನಗರಸಭೆಗಳು ಮಕ್ಕಳಿಗೆ ಉಚಿತ ಊಟ ಕೊಡಲು ಮುಂದೆ ಬಂದಾಗ ಅವುಗಳ ಹೆಸರು, ವಿವರಗಳನ್ನು ಟ್ವಿಟರ್‌ನಲ್ಲಿ ಒಂದೊಂದಾಗಿ ಹಂಚುತ್ತಾ ಹೋದರು. ಅವರ ಮನವಿಗೆ ಸಹಿ ಹಾಕಿದವರ ಸಂಖ್ಯೆ ಹತ್ತು ಲಕ್ಷ ದಾಟಿತು. ನವೆಂಬರ್‌ನಲ್ಲಿ ಸರ್ಕಾರ ಮತ್ತೊಮ್ಮೆ ಮಣಿದು, ಬಡ ಕುಟುಂಬಗಳ ಚಳಿಗಾಲದ ನೆರವಿಗೆ 17 ಕೋಟಿ ಪೌಂಡ್ ಘೋಷಿಸಿತು.

ಅದೇ ವರ್ಷ ಅವರಿಗೆ ಬ್ರಿಟನ್ ರಾಣಿಯ ಹೆಸರಿನಲ್ಲಿ ಎಂ.ಬಿ.ಇ. ಗೌರವ ಸಂದಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಪ್ರಕಟಿಸಿತು. ಆ ವಿಶ್ವವಿದ್ಯಾಲಯದಿಂದ ಈ ಗೌರವ ಪಡೆದವರಲ್ಲಿ ಅವರೇ ಅತಿ ಕಿರಿಯರು. 2025ರ ಜೂನ್‌ನಲ್ಲಿ ಬ್ರಿಟಿಷ್ ಸರ್ಕಾರ ಇಂಗ್ಲೆಂಡಿನ ಇನ್ನೂ ಐದು ಲಕ್ಷ ಮಕ್ಕಳಿಗೆ ಶಾಲಾ ಊಟ ವಿಸ್ತರಿಸುವ ನಿರ್ಧಾರ ಪ್ರಕಟಿಸಿತು. ಇದಕ್ಕೆ ಹಲವರ ಹೋರಾಟ ಕಾರಣ. ಆದರೂ ಆ ವಿಷಯವನ್ನು ಮನೆ ಮನೆಯ ಮಾತಾಗಿಸಿದವರಲ್ಲಿ ಈ ಆಟಗಾರನೂ ಒಬ್ಬ.

ಹಸಿದ ಹೊಟ್ಟೆಗೆ ಸೂತ್ರ ಹತ್ತದು

ನಾನು ಮೇಷ್ಟ್ರ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದ ಘಟನೆ ನೆನಪಾಗುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಹುಡುಗಿಯೊಬ್ಬಳು ಕುಸಿದು ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿ, "ಏನು ತಿಂದು ಬಂದೆ ಮಗು?" ಎಂದರೆ ತಲೆ ತಗ್ಗಿಸಿದಳು. ಹಿಂದಿನ ದಿನ ಅದೇ ಹುಡುಗಿಗೆ, ಪಾಠ ಗಮನಿಸುವುದಿಲ್ಲವೆಂದು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಮೆದುಳಿನ ತೂಕ ದೇಹದ ತೂಕದ ನೂರಕ್ಕೆ ಎರಡರಷ್ಟು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ಅದಕ್ಕೇ ಬೇಕು. ಬೆಳೆಯುವ ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ಮೆದುಳಿನ ಮುಖ್ಯ ಇಂಧನ ಗ್ಲೂಕೋಸ್. ಅದನ್ನು ಮೆದುಳು ಹೆಚ್ಚಾಗಿ ಕೂಡಿಟ್ಟುಕೊಳ್ಳಲಾರದು. ರಕ್ತದಿಂದ ಆಗಿಂದಾಗ್ಗೆ ಪಡೆಯುತ್ತಿರಬೇಕು. ರಾತ್ರಿಯ ಉಪವಾಸದ ಮೇಲೆ ಬೆಳಗಿನ ಉಪವಾಸವೂ ಸೇರಿದರೆ ಮಗುವಿನ ಗಮನ ಕಪ್ಪುಹಲಗೆಯ ಮೇಲಿಂದ ಜಾರಿ, ಗಡಿಯಾರದ ಮೇಲೆ ನಿಲ್ಲುತ್ತದೆ. ಅದನ್ನು ನಾವು ಸೋಮಾರಿತನ ಎಂದು ಕರೆದುಬಿಡುತ್ತೇವೆ.

ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಬಿಸಿಯೂಟ ಬಂದ ಮೇಲೆ ಮಧ್ಯಾಹ್ನದ ಅವಧಿಯಲ್ಲಿ ಮಕ್ಕಳ ಮುಖಗಳೇ ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಕೆಲವು ಪಾಲಕರು, "ನಮ್ಮ ಹುಡುಗ ಸ್ಕೂಲ್ ಊಟ ಮಾಡಲ್ಲ ಸಾರ್, ಡಬ್ಬಿ ತರ್ತಾನೆ" ಎಂದು ಹೆಮ್ಮೆಯಿಂದ ಹೇಳುವುದುಂಟು. ಡಬ್ಬಿ ತರುವುದು ತಪ್ಪಲ್ಲ. ಆದರೆ ಶಾಲೆಯ ಊಟ ಉಣ್ಣುವ ಮಗು ಕೀಳು ಎಂಬ ಭಾವನೆ ಆ ಡಬ್ಬಿಯ ಜೊತೆಗೆ ಬರಬಾರದಷ್ಟೆ. ಶಾಲೆಯ ಊಟ ಉಂಡು ಬೆಳೆದ ಹುಡುಗನೊಬ್ಬ ಅದನ್ನು ಇಡೀ ದೇಶದೆದುರು ಧೈರ್ಯವಾಗಿ ಹೇಳಿಕೊಂಡದ್ದರಿಂದ ಎಷ್ಟು ಮಕ್ಕಳ ತಲೆ ಮೇಲೆದ್ದಿರಬೇಕು, ಯೋಚಿಸಿ.

ಹದಿನೇಳರಲ್ಲಿ ಕೈಗೆ ಬಂದ ಪುಸ್ತಕ

ರಾಶ್‌ಫೋರ್ಡ್ ಅವರ ಇನ್ನೊಂದು ಆಸಕ್ತಿ ಓದು. ಆದರೆ ಅವರು ಹುಟ್ಟು ಓದುಗರೇನೂ ಅಲ್ಲ. ಮನೆಯ ಖರ್ಚಿನಲ್ಲಿ ಪುಸ್ತಕಕ್ಕೆ ಜಾಗವಿರಲಿಲ್ಲ. ಓದು ರುಚಿಸಲು ಆರಂಭವಾದದ್ದೇ ಹದಿನೇಳನೇ ವಯಸ್ಸಿನಲ್ಲಿ ಎಂದು ಅವರೇ ಹೇಳಿದ್ದಾರೆ. ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆಂದು ಪುಸ್ತಕಗಳಿಂದ ಕಲಿತ ಅವರು, ಆ ಅವಕಾಶ ಎಲ್ಲ ಮಕ್ಕಳಿಗೂ ಮೊದಲೇ ಸಿಗಲೆಂದು ಮ್ಯಾಕ್‌ಮಿಲನ್ ಪ್ರಕಾಶನದೊಂದಿಗೆ ಸೇರಿ ಮಕ್ಕಳ ಪುಸ್ತಕ ಕೂಟ ಆರಂಭಿಸಿದರು. ಕೊಳ್ಳಲಾಗದ ಮನೆಗಳ ಸಾವಿರಾರು ಮಕ್ಕಳಿಗೆ ಪುಸ್ತಕಗಳು ಉಚಿತವಾಗಿ ತಲುಪಿದವು. ಪತ್ರಕರ್ತ ಕಾರ್ಲ್ ಅಂಕಾ ಜೊತೆ ಸೇರಿ ಅವರು ಬರೆದ 'ಯು ಆರ್ ಎ ಚಾಂಪಿಯನ್' 2021ರಲ್ಲಿ ಪ್ರಕಟವಾಗಿ ಮಕ್ಕಳ ಮೆಚ್ಚುಗೆ ಗಳಿಸಿತು.

ಅಡುಗೆ ಮನೆಯನ್ನೂ ಅವರು ಬಿಡಲಿಲ್ಲ. 2021ರಲ್ಲಿ ಬಾಣಸಿಗ ಟಾಮ್ ಕೆರಿಜ್ ಜೊತೆ ಸೇರಿ, ಕಡಿಮೆ ಖರ್ಚಿನಲ್ಲಿ, ಹೆಚ್ಚು ಪಾತ್ರೆ ಪಗಡ ಬೇಡದ 52 ಅಡುಗೆಗಳನ್ನು ಜನರಿಗೆ ತೋರಿಸಿಕೊಟ್ಟರು. ತಮಗೂ ಅಡುಗೆ ಬರುವುದಿಲ್ಲ ಎಂದು ಒಪ್ಪಿಕೊಂಡು, ನೋಡುವವರ ಜೊತೆಗೇ ಕಲಿತರು. ಗಂಡುಮಕ್ಕಳನ್ನು ಒಲೆಯ ಹತ್ತಿರ ಸುಳಿಯಗೊಡದ ತಾಯಂದಿರು ಇದನ್ನು ಗಮನಿಸಬೇಕು.

ಕಂಬಕ್ಕೆ ಬಡಿದ ಚೆಂಡು

ಈಗ ಹುಡುಗನ ಪ್ರಶ್ನೆಗೆ ಬರೋಣ. 2019ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಪಂದ್ಯದ ಕೊನೆಗಳಿಗೆಯ ಪೆನಾಲ್ಟಿಯನ್ನು ಗೋಲಾಗಿಸಿ ತಂಡವನ್ನು ಗೆಲ್ಲಿಸಿದ ಅದೇ ಕಾಲು, 2021ರ ಜುಲೈ 11ರಂದು ಯುರೋ ಕಪ್ ಫೈನಲ್‌ನಲ್ಲಿ ಕೈಕೊಟ್ಟಿತು. ಎದುರಾಳಿ ಇಟಲಿ, ಸ್ಥಳ ಲಂಡನ್ನಿನ ವೆಂಬ್ಲಿ. ಅದೇ ಪೆನಾಲ್ಟಿ ಚುಕ್ಕಿ, ಅದೇ 11 ಮೀಟರ್ ದೂರ. ಗೋಲ್‌ಕೀಪರ್ ಬೇರೆ ಕಡೆಗೆ ಜಿಗಿದಿದ್ದರೂ ಚೆಂಡು ಕಂಬಕ್ಕೆ ಬಡಿಯಿತು. ಇಂಗ್ಲೆಂಡ್ ಸೋತಿತು.

ಪೆನಾಲ್ಟಿ ತಪ್ಪಿಸಿಕೊಂಡ ಮೂವರೂ ಕಪ್ಪು ವರ್ಣದವರು. ಬಣ್ಣದ ಹೆಸರಿನಲ್ಲಿ ಅವರ ಮೇಲೆ ಬೈಗುಳದ ಮಳೆಯೇ ಸುರಿಯಿತು. ಮ್ಯಾಂಚೆಸ್ಟರ್‌ನ ಗೋಡೆಯೊಂದರ ಮೇಲಿದ್ದ ರಾಶ್‌ಫೋರ್ಡ್ ಚಿತ್ರವನ್ನು ಯಾರೋ ವಿರೂಪಗೊಳಿಸಿದರು. ಆಗ ಆ ಬೀದಿಯ ಜನ, ಅದರಲ್ಲೂ ಮಕ್ಕಳು ಬಂದು, ಪ್ರೀತಿಯ ಮಾತು ಬರೆದ ಚೀಟಿಗಳಿಂದ ಆ ಹೊಲಸನ್ನೆಲ್ಲ ಮುಚ್ಚಿಬಿಟ್ಟರು. ಪೆನಾಲ್ಟಿ ತಪ್ಪಿದ್ದಕ್ಕೆ ರಾಶ್‌ಫೋರ್ಡ್ ಕ್ಷಮೆ ಕೇಳಿದರು. ಆದರೆ ತಾನು ಯಾರು, ಎಲ್ಲಿಂದ ಬಂದೆ ಎಂಬುದಕ್ಕೆ ಎಂದೂ ಕ್ಷಮೆ ಕೇಳುವುದಿಲ್ಲ ಎಂದು ಸ್ಪಷ್ಟವಾಗಿ ಬರೆದರು.

ಅವರು ತಪ್ಪೇ ಮಾಡದ ದೇವರು ಎಂದು ನಾನು ಹೇಳುತ್ತಿಲ್ಲ. 2024ರ ಜನವರಿಯಲ್ಲಿ ರಾತ್ರಿ ಸುತ್ತಾಟದ ನಂತರ ಅಭ್ಯಾಸ ತಪ್ಪಿಸಿದ್ದಕ್ಕೆ ಕ್ಲಬ್ ಶಿಸ್ತುಕ್ರಮ ಕೈಗೊಂಡಿತು. ಅವರು ತಪ್ಪಿನ ಹೊಣೆ ಹೊತ್ತುಕೊಂಡರೆಂದು ಕ್ಲಬ್ಬೇ ತಿಳಿಸಿತು. ಆಟ ಸೊರಗಿತು. ಆ ವರ್ಷದ ಯುರೋ ಕಪ್ ತಂಡದಲ್ಲಿ ಜಾಗ ಸಿಗಲಿಲ್ಲ. ಬಾಲ್ಯದಿಂದ ಆಡಿದ ಕ್ಲಬ್‌ನಲ್ಲೇ ತಂಡದಿಂದ ಹೊರಗುಳಿಯಬೇಕಾಯಿತು. 2025ರ ಫೆಬ್ರವರಿಯಲ್ಲಿ ಎರವಲು ಆಟಗಾರರಾಗಿ ಆಸ್ಟನ್ ವಿಲ್ಲಾ ತಂಡ ಸೇರಿದರು. ಮಾರ್ಚ್‌ನಲ್ಲಿ ಇಂಗ್ಲೆಂಡ್ ತಂಡ ಮತ್ತೆ ಕರೆಯಿತು. ಜುಲೈನಲ್ಲಿ ಸ್ಪೇನಿನ ಬಾರ್ಸಿಲೋನಾ ತಂಡಕ್ಕೆ, ಅದೂ ಎರವಲಾಗಿಯೇ, ಹೋದರು. ಸೆಪ್ಟೆಂಬರ್ 18ರಂದು ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಇಂಗ್ಲೆಂಡಿನದೇ ನ್ಯೂಕ್ಯಾಸಲ್ ಎದುರು ಎರಡು ಗೋಲು ಹೊಡೆದು ತಂಡವನ್ನು ಗೆಲ್ಲಿಸಿದರು.

ಹಾಗಾದರೆ ಆತ ಫ್ಲಾಪೋ, ಹಿಟ್ಟೋ? ನನ್ನ ಪ್ರಕಾರ ಪ್ರಶ್ನೆಯೇ ಸರಿಯಿಲ್ಲ. ಒಂದು ಪರೀಕ್ಷೆಯ ಅಂಕ ನೋಡಿ ಮಗುವಿಗೆ ಹಣೆಪಟ್ಟಿ ಹಚ್ಚುವ ನಾವೇ ಈ ಭಾಷೆಯನ್ನು ಮಕ್ಕಳಿಗೆ ಕಲಿಸಿದ್ದೇವೆ. ಆಟಗಾರನ ಗೋಲುಗಳು ಒಂದು ವರ್ಷ ಏರುತ್ತವೆ, ಇನ್ನೊಂದು ವರ್ಷ ಇಳಿಯುತ್ತವೆ. ಆದರೆ 2020ರ ಆ ಬೇಸಿಗೆಯಲ್ಲಿ ಹೊಟ್ಟೆ ತುಂಬ ಉಂಡ ಮಗುವಿನ ಊಟವನ್ನು ಯಾರೂ ಹಿಂದಕ್ಕೆ ಪಡೆಯಲಾಗುವುದಿಲ್ಲ.

ಮರುದಿನ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಅವನೂ ಸ್ಕೂಲ್ ಊಟಾನೇ ಮಾಡ್ತಿದ್ನಾ?" ಎಂದು ಕೇಳಿದ. ಹೌದಪ್ಪ ಎಂದೆ. ಗಂಟೆ ಬಾರಿಸಿತು. ಅವನು ತಟ್ಟೆ ತೆಗೆದುಕೊಂಡು ಸಾಲಿನಲ್ಲಿ ನಿಂತ. ಅಂದು ಊಟಕ್ಕೆ ಅನ್ನ, ನುಗ್ಗೆಕಾಯಿ ಸಾಂಬಾರು. ನಾನೂ ಮಕ್ಕಳ ಜೊತೆ ಕುಳಿತು ಉಂಡೆ. ಪಾಲಕರೇ, ಬಿಡುವಾದಾಗ ಒಂದು ದಿನ ನೀವೂ ನಿಮ್ಮ ಮಕ್ಕಳ ಶಾಲೆಗೆ ಬಂದು ಅದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿ ನೋಡಿ.